ಎರಕದ ಅಚ್ಚು ಮತ್ತು ಧರ್ಮಸಭೆಯ ಸಾಕ್ಷ್ಯ: ಬೊಲೋನ್ಯಾದ ಕಂಚಿನ ಪ್ರತಿಮೆಯ ಇತಿಹಾಸ

ಕ್ರಿ.ಶ. 1508ರ ಫೆಬ್ರವರಿ 21ರಂದು ಇಟಲಿಯ ಬೊಲೋನ್ಯಾ ನಗರದಲ್ಲಿ, ಸಂತ ಪೆತ್ರೋನಿಯೋ ಮಹಾದೇವಾಲಯದ ಮುಖ್ಯದ್ವಾರದ ಮೇಲೆ, ಜಗದ್ಗುರು ಎರಡನೇ ಜೂಲಿಯಸರ ಬೃಹತ್ ಕಂಚಿನ ಪ್ರತಿಮೆಯನ್ನು ಸ್ಥಾಪಿಸಲಾಯಿತು. ಅದನ್ನು ರೂಪಿಸಿದವನು ಮೈಕೆಲ್ಯಾಂಜೆಲೊ. 1511ರ ಡಿಸೆಂಬರ್ 30ರಂದು ಅದೇ ನಗರದಲ್ಲಿ ಆ ಪ್ರತಿಮೆಯನ್ನು ಕೆಳಗುರುಳಿಸಲಾಯಿತು. ಅದರ ಲೋಹವು ಫೆರಾರಾದ ಡ್ಯೂಕ್ ಒಂದನೇ ಅಲ್ಫೊನ್ಸೊ ದೆಸ್ತೆಯ ಕೈಸೇರಿ ಫಿರಂಗಿಯಾಯಿತು. ಆ ಫಿರಂಗಿಗೆ ಡ್ಯೂಕನು ಜಗದ್ಗುರುಗಳನ್ನು ಅಣಕಿಸುವಂತೆ ‘ಲಾ ಜೂಲಿಯಾ’ ಎಂದು ಹೆಸರಿಟ್ಟನು.

ಧರ್ಮಸಭೆಯ ಇತಿಹಾಸದ ಪಾಠಗಳಲ್ಲಿ ಈ ಪ್ರಸಂಗಕ್ಕೆ ಸಾಮಾನ್ಯವಾಗಿ ಒಂದೆರಡು ವಾಕ್ಯಗಳ ಸ್ಥಾನವಷ್ಟೇ ದೊರೆಯುತ್ತದೆ. ಯುದ್ಧಪ್ರಿಯರೆಂದು ಹೆಸರಾದ ಜಗದ್ಗುರುಗಳ ಸ್ವಭಾವಕ್ಕೆ ಇದೊಂದು ನಿದರ್ಶನವೆಂದು ಹೇಳಿ ನಾವು 1517ರ ಕಡೆಗೆ ಸಾಗಿಬಿಡುತ್ತೇವೆ. ಆದರೆ ಇದೇ ಪ್ರಸಂಗವನ್ನು ಎರಕದ ಮನೆಯೊಳಗೆ ನಿಂತು ನೋಡಿದರೆ ಗಂಭೀರವಾದ ದೈವಶಾಸ್ತ್ರೀಯ ಪ್ರಶ್ನೆಯೊಂದು ಎದುರಾಗುತ್ತದೆ. ದೇವಾಲಯದ ಮುಂಭಾಗದಲ್ಲಿ ಕೈಯೆತ್ತಿ ಕುಳಿತ ಪ್ರತಿಮೆಯು ಫಿರಂಗಿಯಾಗುವುದಕ್ಕೆ ನಾಲ್ಕು ವರ್ಷಗಳೂ ಹಿಡಿಯಲಿಲ್ಲವೇಕೆ? ಈ ಪರಿವರ್ತನೆಯ ಹೊಣೆಯೆಲ್ಲವೂ ಅದನ್ನು ಕರಗಿಸಿದವರದೇ? ಅಥವಾ ಅದನ್ನು ಎರಕ ಹೊಯ್ಯಿಸಿದವರಿಗೂ ಅದರಲ್ಲಿ ಪಾಲಿದೆಯೇ?

ಕಂಚು ಮತ್ತು ಅಚ್ಚು

ಕಂಚು ತಾಮ್ರ ಮತ್ತು ತವರಗಳ ಮಿಶ್ರಲೋಹ. ತಾಮ್ರವು ಕರಗಲು 1,085 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ತವರವು 232 ಡಿಗ್ರಿಗೇ ಕರಗುತ್ತದೆ. ತವರದ ಪಾಲು ಹೆಚ್ಚಿದಂತೆ ಮಿಶ್ರಣವು ಕಡಿಮೆ ಕಾವಿನಲ್ಲಿ ಕರಗುತ್ತದೆ, ಅಚ್ಚಿನ ಸಂದುಗಳಿಗೆ ಸುಲಭವಾಗಿ ಹರಿಯುತ್ತದೆ. ಆದರೆ ಆರಿದ ಮೇಲೆ ಗಡುಸಾಗಿ, ಪೆಟ್ಟಿಗೆ ಸೀಳುವ ಗುಣವನ್ನೂ ಪಡೆಯುತ್ತದೆ. ಆದುದರಿಂದ ಗಂಟೆಯ ಕಂಚಿನಲ್ಲಿ ನೂರಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಪಾಲು ತವರವಿರುತ್ತದೆ. ಅದರ ನಾದಕ್ಕೆ ಆ ಗಡುಸುತನವೇ ಕಾರಣ. ಫಿರಂಗಿಯ ಕಂಚಿನಲ್ಲಿ ತವರವು ನೂರಕ್ಕೆ ಹತ್ತರ ಆಸುಪಾಸಿನಲ್ಲಿರುತ್ತದೆ. ಮದ್ದಿನ ಸ್ಫೋಟವನ್ನು ತಾಳಿಕೊಳ್ಳುವ ಜಿಗುಟುತನ ಅದಕ್ಕೆ ಬೇಕು. ಗಂಟೆಯನ್ನು ಕರಗಿಸಿ ಫಿರಂಗಿ ಮಾಡಬೇಕಾದರೆ ತಾಮ್ರವನ್ನು ಹೆಚ್ಚಾಗಿ ಬೆರೆಸಬೇಕು. ವ್ಯತ್ಯಾಸವಿಷ್ಟೇ. ಉಳಿದಂತೆ ಕುಲುಮೆ, ಗುಂಡಿ, ಜೇಡಿಮಣ್ಣು, ಸೌದೆ, ಕೆಲಸಗಾರ ಎಲ್ಲವೂ ಒಂದೇ.

ನವೋದಯ ಕಾಲದ ಲೋಹವಿದ್ಯೆಯ ಪ್ರಮುಖ ಗ್ರಂಥಕಾರ ಸಿಯೆನಾದ ವನ್ನೊಚ್ಚೊ ಬಿರಿಂಗುಚ್ಚೊ. ಅವನ ‘ದೆ ಲಾ ಪಿರೋಟೆಕ್ನಿಯಾ’ ಎಂಬ ಗ್ರಂಥ ಅವನ ಮರಣಾನಂತರ 1540ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ಪ್ರತಿಮೆ, ಗಂಟೆ ಮತ್ತು ಫಿರಂಗಿಗಳನ್ನು ಅವನು ಒಂದೇ ಎರಕದ ವಿದ್ಯೆಯ ಶಾಖೆಗಳೆಂದು ವಿವರಿಸುತ್ತಾನೆ. ಜೀವಿತದ ಕೊನೆಯಲ್ಲಿ ಅವನು ಜಗದ್ಗುರು ಮೂರನೇ ಪೌಲರ ಕಾಲದ ರೋಮಿನಲ್ಲಿ ಎರಕದ ಮನೆಯ ಮುಖ್ಯಸ್ಥನಾಗಿದ್ದನೆಂಬುದು ಗಮನಾರ್ಹ. ಧರ್ಮಸಭೆಯ ಕೇಂದ್ರದಲ್ಲಿಯೇ ಫಿರಂಗಿಗಳ ಎರಕಶಾಲೆ ಇದ್ದ ಕಾಲವದು.

ಪ್ರತಿಮೆಯ ಎರಕಕ್ಕೆ ಮೇಣವನ್ನು ಬಳಸುತ್ತಿದ್ದರು. ಒಳಗೆ ಜೇಡಿಮಣ್ಣಿನ ತಿರುಳು, ಅದರ ಮೇಲೆ ಬೇಕಾದ ದಪ್ಪಕ್ಕೆ ಮೇಣದ ರೂಪ, ಹೊರಗೆ ಮತ್ತೆ ಮಣ್ಣಿನ ಕವಚ. ಲೋಹ ಇಳಿಯಲು ಮತ್ತು ಗಾಳಿ ಹೊರಹೋಗಲು ಕೊಳವೆಗಳನ್ನು ಬಿಟ್ಟು, ಅಚ್ಚನ್ನು ಸುಟ್ಟಾಗ ಮೇಣ ಕರಗಿ ಹರಿದುಹೋಗುತ್ತದೆ. ಮೇಣವಿದ್ದ ಕಡೆ ಟೊಳ್ಳು ಉಳಿಯುತ್ತದೆ. ಅಚ್ಚನ್ನು ಗುಂಡಿಯಲ್ಲಿ ಹೂಳಿ, ಸುತ್ತಲೂ ಮಣ್ಣನ್ನು ಗಿಡಿದು, ಕುಲುಮೆಯ ಬಾಯಿ ತೆರೆದರೆ ಲೋಹವು ಆ ಟೊಳ್ಳನ್ನು ತುಂಬುತ್ತದೆ. ಲೋಹಕ್ಕೆ ತನ್ನದೇ ಆದ ರೂಪವಿಲ್ಲ. ಅದಕ್ಕಾಗಿ ಬಿಟ್ಟ ಟೊಳ್ಳಿನ ರೂಪವೇ ಅದರ ರೂಪ. ಅರಸುಗಳ ಪ್ರಥಮ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಹೀರಾಮನು ಸೊಲೊಮೋನನ ದೇವಾಲಯದ ಕಂಚಿನ ಸಾಮಗ್ರಿಗಳನ್ನು ಜೋರ್ದನ್ ಬಯಲಿನ ಜೇಡಿನೆಲದಲ್ಲಿ ಎರಕ ಹೊಯ್ಯಿಸಿದ ವೃತ್ತಾಂತವನ್ನು ಓದುವಾಗ ಈ ವಿಧಾನವನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಬೊಲೋನ್ಯಾದ ಎರಕ

1506ರ ನವೆಂಬರಿನಲ್ಲಿ ಜೂಲಿಯಸರು ಸೈನ್ಯಸಮೇತ ಬೊಲೋನ್ಯಾವನ್ನು ಪ್ರವೇಶಿಸಿದರು. ನಗರವನ್ನಾಳುತ್ತಿದ್ದ ಬೆಂತಿವೊಲ್ಯೋ ಮನೆತನ ಪಲಾಯನ ಮಾಡಿತ್ತು. ಆ ವಿಜಯದ ಮೆರವಣಿಗೆಯನ್ನು ಕಂಡವರಲ್ಲಿ ಎರಾಸ್ಮಸ್ ಕೂಡ ಒಬ್ಬನು. ಪೇತ್ರನ ಉತ್ತರಾಧಿಕಾರಿಯು ಸೀಸರನಂತೆ ಬರುವುದನ್ನು ನೋಡಿದ ಆ ವಿದ್ವಾಂಸನ ಮನಸ್ಸು ಕಹಿಯಾಯಿತು. ಅದೇ ತಿಂಗಳ ಕೊನೆಯಲ್ಲಿ, ಜಗದ್ಗುರುಗಳೊಡನೆ ಮನಸ್ತಾಪದಿಂದ ರೋಮನ್ನು ಬಿಟ್ಟುಹೋಗಿದ್ದ ಮೈಕೆಲ್ಯಾಂಜೆಲೊ ಬೊಲೋನ್ಯಾಕ್ಕೆ ಬಂದು ಕ್ಷಮೆ ಪಡೆದನು. ಪ್ರತಿಮೆಯ ಕೆಲಸ ಅವನಿಗೆ ವಹಿಸಲ್ಪಟ್ಟಿತು.

ಅವನು ಮನೆಗೆ ಬರೆದ ಪತ್ರಗಳು ಉಳಿದಿವೆ. ಕೆಟ್ಟ ಕೋಣೆಯೊಂದರಲ್ಲಿ, ನಾಲ್ವರು ಒಂದೇ ಹಾಸಿಗೆಯಲ್ಲಿ ಮಲಗಿ ಅವನು ದಿನ ಕಳೆದನು. ಕಲ್ಲಿನ ಶಿಲ್ಪಿಯಾದ ಅವನಿಗೆ ಇಷ್ಟು ದೊಡ್ಡ ಎರಕದ ಅನುಭವವಿರಲಿಲ್ಲ. ಆದುದರಿಂದ ಬೆರ್ನಾರ್ದಿನೊ ಎಂಬ ಪರಿಣತನನ್ನು ಫ್ಲಾರೆನ್ಸಿನಿಂದ ಕರೆಸಲಾಯಿತು. ಅವನು ಆ ಗಣರಾಜ್ಯದ ಫಿರಂಗಿ ಎರಕದ ಅಧಿಕಾರಿಯಾಗಿದ್ದನು. 1507ರ ಬೇಸಿಗೆಯಲ್ಲಿ ಮೊದಲ ಎರಕ ನಡೆಯಿತು. ಲೋಹ ಸರಿಯಾಗಿ ಕರಗಿರಲಿಲ್ಲ. ಪ್ರತಿಮೆ ಸೊಂಟದವರೆಗೆ ಮಾತ್ರ ಮೂಡಿತು. ಉಳಿದ ಲೋಹ ಕುಲುಮೆಯಲ್ಲೇ ಹೆಪ್ಪುಗಟ್ಟಿತ್ತು. ಅದನ್ನು ತೆಗೆಯಲು ಕುಲುಮೆಯನ್ನೇ ಕೆಡವಬೇಕಾಯಿತು. ಜುಲೈ ತಿಂಗಳಲ್ಲಿ ಮತ್ತೆ ಎರಕ ಹೊಯ್ದು ಉಳಿದರ್ಧವನ್ನು ತುಂಬಿದರು. ಅನಂತರ ಅರಗಳಿಂದ ಉಜ್ಜಿ, ಉಳಿಯಿಂದ ತಿದ್ದಿ ನಯಗೊಳಿಸುವುದಕ್ಕೆ ತಿಂಗಳುಗಳೇ ಹಿಡಿದವು.

ಪ್ರತಿಮೆಯ ಭಂಗಿಯ ಬಗ್ಗೆ ವಸಾರಿ ಮತ್ತು ಕೊಂದಿವಿ ಒಂದು ಸಂಭಾಷಣೆಯನ್ನು ದಾಖಲಿಸಿದ್ದಾರೆ. ಅವರು ಬರೆದದ್ದು ಸುಮಾರು ನಾಲ್ಕು ದಶಕಗಳ ಅನಂತರ. ಹಾಗಾಗಿ ಪ್ರತಿ ಮಾತನ್ನೂ ಪ್ರಮಾಣವೆಂದು ಹಿಡಿಯುವಂತಿಲ್ಲ. ಆದರೂ ಅದು ವಿಚಾರಕ್ಕೆ ಯೋಗ್ಯವಾಗಿದೆ. ಮಣ್ಣಿನ ಮಾದರಿಯಲ್ಲಿ ಎತ್ತಿದ ಬಲಗೈಯನ್ನು ಕಂಡ ಜಗದ್ಗುರುಗಳು, ಅದು ಆಶೀರ್ವದಿಸುತ್ತಿದೆಯೋ ಶಪಿಸುತ್ತಿದೆಯೋ ಎಂದು ಕೇಳಿದರಂತೆ. ಬೊಲೋನ್ಯಾದ ಜನ ವಿವೇಕದಿಂದಿರದಿದ್ದರೆ ಏನಾದೀತೆಂದು ಅದು ಎಚ್ಚರಿಸುತ್ತಿದೆ ಎಂದು ಶಿಲ್ಪಿ ಉತ್ತರಿಸಿದನು. ಎಡಗೈಯಲ್ಲಿ ಪುಸ್ತಕವನ್ನಿಡಲೇ ಎಂದು ಅವನು ಕೇಳಿದಾಗ, ತಾನು ಅಕ್ಷರಸ್ಥನಲ್ಲ, ಖಡ್ಗವನ್ನಿಡು ಎಂದು ಜೂಲಿಯಸರು ಹೇಳಿದರಂತೆ. ಕೊನೆಗೆ ಪ್ರತಿಮೆಯ ಕೈಯಲ್ಲಿದ್ದದ್ದು ಸಂತ ಪೇತ್ರರ ಬೀಗದ ಕೈಗಳು ಎಂದು ತಿಳಿಯುತ್ತದೆ.

ಫೆರಾರಾದ ಕುಲುಮೆ

1511ರ ಮೇ ತಿಂಗಳಲ್ಲಿ ಫ್ರೆಂಚರ ಬೆಂಬಲದಿಂದ ಬೆಂತಿವೊಲ್ಯೋ ಮನೆತನ ನಗರಕ್ಕೆ ಮರಳಿತು. ವರ್ಷಾಂತ್ಯದಲ್ಲಿ ಪ್ರತಿಮೆ ಉರುಳಿತು. ಲೋಹವನ್ನು ಪಡೆದ ಅಲ್ಫೊನ್ಸೊ ಸ್ವತಃ ಫಿರಂಗಿ ಎರಕದಲ್ಲಿ ಆಸಕ್ತಿಯುಳ್ಳವನು. 1510ರಲ್ಲಿ ಜೂಲಿಯಸರಿಂದ ಬಹಿಷ್ಕಾರಕ್ಕೆ ಒಳಗಾಗಿದ್ದವನು. ಅವನು ಪ್ರತಿಮೆಯ ತಲೆಯನ್ನು ಮಾತ್ರ ತನ್ನ ಸಂಗ್ರಹದಲ್ಲಿ ಉಳಿಸಿಕೊಂಡು ಮಿಕ್ಕಿದ್ದನ್ನು ಕರಗಿಸಿದನು. ಆ ತಲೆಯೂ ಇಂದು ಉಳಿದಿಲ್ಲ.

ಫೆರಾರಾದ ಮನೆತನಕ್ಕೆ ಇಂತಹ ಲೋಹ ದೊರೆತದ್ದು ಅದೇ ಮೊದಲಲ್ಲ. 1494ರಲ್ಲಿ ಮಿಲಾನಿನ ಲುದೊವಿಕೊ ಸ್ಫೋರ್ಜಾ, ಲಿಯೊನಾರ್ದೊ ದಾ ವಿಂಚಿಯ ಮಹಾಕುದುರೆಯ ಪ್ರತಿಮೆಗಾಗಿ ಕೂಡಿಟ್ಟಿದ್ದ ಕಂಚನ್ನು ಫಿರಂಗಿಗಳಿಗಾಗಿ ಅಲ್ಫೊನ್ಸೊನ ತಂದೆ ಎರ್ಕೊಲೆಗೆ ಕಳುಹಿಸಿದ್ದನು. ಅಂದಿನ ಅರಸರ ದೃಷ್ಟಿಯಲ್ಲಿ ಪ್ರತಿಮೆಯೆಂದರೆ ಸದ್ಯಕ್ಕೆ ಕೆಲಸವಿಲ್ಲದ ಫಿರಂಗಿ.

1512ರ ಏಪ್ರಿಲ್ 11, ಪುನರುತ್ಥಾನದ ಭಾನುವಾರ. ಅಂದು ರವೆನ್ನಾದಲ್ಲಿ ಫ್ರೆಂಚ್ ಸೈನ್ಯವೂ ಜಗದ್ಗುರುಗಳ ಮತ್ತು ಸ್ಪೇನಿನ ಕೂಟಸೈನ್ಯವೂ ಎದುರಾದವು. ಫ್ರೆಂಚರ ಪರವಾಗಿದ್ದ ಅಲ್ಫೊನ್ಸೊನ ಫಿರಂಗಿಗಳು ಆ ದಿನದ ನಿರ್ಣಯದಲ್ಲಿ ದೊಡ್ಡ ಪಾತ್ರ ವಹಿಸಿದವು. ಸಾವಿರಾರು ಮಂದಿ ಸತ್ತರು. ಸೆರೆಸಿಕ್ಕವರಲ್ಲಿ ಕಾರ್ಡಿನಲ್ ಜೊವಾನ್ನಿ ದೆ ಮೆದಿಚಿ ಇದ್ದರು. ಮರುವರ್ಷ ಜೂಲಿಯಸರು ತೀರಿಕೊಂಡಾಗ ಹತ್ತನೇ ಲಿಯೋ ಎಂಬ ಹೆಸರಿನಿಂದ ಜಗದ್ಗುರುಗಳಾದವರು ಅವರೇ. ಕ್ರಿಸ್ತರು ಎದ್ದ ಹಬ್ಬದ ದಿನ, ಎರಡೂ ಕಡೆಗಳಲ್ಲಿ ದೀಕ್ಷಾಸ್ನಾನ ಪಡೆದವರೇ ಇದ್ದ ಯುದ್ಧವದು.

ಬಾಗಿಲುಗಳ ಸಾಕ್ಷ್ಯ

ಇಷ್ಟನ್ನು ಓದಿ, ಕಂಚಿನ ವೈಭವವೇ ಧರ್ಮಸಭೆಗೆ ಸಲ್ಲದೆಂದು ತೀರ್ಮಾನಿಸುವುದು ಸುಲಭ. ಹದಿನಾರನೆಯ ಶತಮಾನದ ವಿಗ್ರಹಭಂಜಕರು ಹಾಗೆಯೇ ತೀರ್ಮಾನಿಸಿದರು. ಆದರೆ ಅದೇ ಲೋಹದ ಇನ್ನೊಂದು ಇತಿಹಾಸ ಫ್ಲಾರೆನ್ಸಿನಲ್ಲಿದೆ. ಅಲ್ಲಿಯ ದೀಕ್ಷಾಸ್ನಾನಾಲಯಕ್ಕೆ ಹೊಸ ಬಾಗಿಲುಗಳನ್ನು ಮಾಡಿಸಲು ಬಟ್ಟೆವರ್ತಕರ ಸಂಘ 1401ರಲ್ಲಿ ಸ್ಪರ್ಧೆಯೊಂದನ್ನು ಏರ್ಪಡಿಸಿತು. ವಿಷಯ, ಅಬ್ರಹಾಮನು ಇಸಾಕನನ್ನು ಬಲಿಯರ್ಪಿಸಲು ಹೋದುದು. ಗೆದ್ದವನು ಅಕ್ಕಸಾಲಿಗನಾಗಿ ತರಬೇತಿ ಪಡೆದಿದ್ದ ಲೊರೆಂಜೊ ಗಿಬೆರ್ತಿ. ಅವನ ಫಲಕವು ಬಹುಮಟ್ಟಿಗೆ ಒಂದೇ ಎರಕವಾಗಿದ್ದು, ಪ್ರತಿಸ್ಪರ್ಧಿ ಬ್ರುನೆಲೆಸ್ಕಿಯ ಫಲಕಕ್ಕಿಂತ ಸುಮಾರು ಏಳು ಕಿಲೋ ಹಗುರವಾಗಿತ್ತು. 1403ರಿಂದ 1424ರವರೆಗೆ ಅವನು 28 ಫಲಕಗಳ ಮೊದಲ ಬಾಗಿಲನ್ನು ಮುಗಿಸಿದನು; 1425ರಿಂದ 1452ರವರೆಗೆ ಹಳೆಯ ಒಡಂಬಡಿಕೆಯ ಹತ್ತು ಫಲಕಗಳ ಎರಡನೆಯ ಬಾಗಿಲನ್ನು ಮುಗಿಸಿದನು. ಅವು ಸ್ವರ್ಗದ ದ್ವಾರಗಳಾಗಲು ಯೋಗ್ಯವೆಂದು ಹೊಗಳಿದವನು ಮೈಕೆಲ್ಯಾಂಜೆಲೊನೇ ಎಂದು ವಸಾರಿ ಹೇಳುತ್ತಾನೆ.

ಫ್ಲಾರೆನ್ಸ್ ಯುದ್ಧಗಳಿಂದ ದೂರವಿದ್ದ ನಗರವಲ್ಲ. 1494ರಲ್ಲಿ, 1512ರಲ್ಲಿ, 1527ರಲ್ಲಿ ಅಲ್ಲಿ ಆಡಳಿತ ಬದಲಾಯಿತು. 1529ರಿಂದ 1530ರವರೆಗೆ ನಗರ ಮುತ್ತಿಗೆಯಲ್ಲಿತ್ತು. ಆದರೂ ಆ ಬಾಗಿಲುಗಳು ಉಳಿದವು. ಇದಕ್ಕೆ ಲೌಕಿಕ ಕಾರಣಗಳೂ ಇರಬಹುದು. ನಗರದ ಹೆಮ್ಮೆ, ಚಿನ್ನದ ಲೇಪ, ಕಲೆಯ ಕೀರ್ತಿ. ಆದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಆ ಬಾಗಿಲುಗಳನ್ನು ಯಾರ ಮೇಲಿನ ವಿಜಯಕ್ಕಾಗಿಯೂ ನಿಲ್ಲಿಸಿರಲಿಲ್ಲ. ನಗರದ ಪ್ರತಿಯೊಂದು ಮಗುವಿಗೂ ದೀಕ್ಷಾಸ್ನಾನವಾಗುತ್ತಿದ್ದ ಆಲಯದ ಬಾಗಿಲುಗಳವು. ಒಂದು ಪಕ್ಷ ಸೋತು ಇನ್ನೊಂದು ಗೆದ್ದರೂ ಅವುಗಳನ್ನು ಕೆಡವಬೇಕಾದ ಅಗತ್ಯ ಯಾರಿಗೂ ಬರಲಿಲ್ಲ. ಬೊಲೋನ್ಯಾದ ಪ್ರತಿಮೆಯಾದರೋ ಒಂದು ಪಕ್ಷದ ವಿಜಯಸ್ತಂಭ. ಆ ಪಕ್ಷ ಸೋತ ದಿನ ಅದರ ಅರ್ಥವೂ ಮುಗಿಯಿತು.

ಪವಿತ್ರಗ್ರಂಥದ ಬೆಳಕಿನಲ್ಲಿ

ಜೂಲಿಯಸರಿಗೆ ಅನ್ಯಾಯವಾಗದಂತೆ ಒಂದು ಮಾತನ್ನು ಹೇಳಬೇಕು. ಇಟಲಿಯ ಅರಸರ ಮತ್ತು ವಿದೇಶಿ ದೊರೆಗಳ ನಡುವೆ ಜಗದ್ಗುರು ಪೀಠವು ಯಾರ ಕೈಗೊಂಬೆಯೂ ಆಗಬಾರದೆಂಬುದು ಅವರ ಉದ್ದೇಶವಾಗಿತ್ತು. 1512ರಲ್ಲಿ ಐದನೆಯ ಲ್ಯಾತೆರಾನ್ ಮಹಾಸಭೆಯನ್ನು ಆರಂಭಿಸಿದವರೂ ಅವರೇ. ಉದ್ದೇಶವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಉದ್ದೇಶ ಬೇರೆ, ಅದನ್ನು ಎರೆದ ಅಚ್ಚು ಬೇರೆ.

ಪವಿತ್ರಗ್ರಂಥದಲ್ಲಿ ಲೋಹಕ್ಕೆ ಸ್ವಂತ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ವಿಮೋಚನಾಕಾಂಡದಲ್ಲಿ ಜನರ ಓಲೆಗಳ ಬಂಗಾರ ಆರೋನನ ಕೈಯಲ್ಲಿ ಹೋರಿಕರುವಾಗುತ್ತದೆ. ಜನರು ಸ್ವಇಚ್ಛೆಯಿಂದ ತಂದ ಬಂಗಾರವೇ ಬೆಚಲೇಲನ ಕೈಯಲ್ಲಿ ಪವಿತ್ರ ಮಂಜೂಷದ ಹೊದಿಕೆಯಾಗುತ್ತದೆ. ಮೋಶೆ ಮಾಡಿದ ಕಂಚಿನ ಸರ್ಪ ಜೀವ ಉಳಿಸಿತು. ಜನ ಅದಕ್ಕೇ ಧೂಪ ಹಾಕತೊಡಗಿದಾಗ ಹಿಜ್ಕೀಯನು ಅದನ್ನು ಒಡೆದುಹಾಕಬೇಕಾಯಿತು. ಯೆಶಾಯನು ಕತ್ತಿಗಳು ನೇಗಿಲ ಗುಳಗಳಾಗುವ ದಿನವನ್ನು ಕಂಡರೆ, ಯೊವೇಲನ ಪ್ರವಾದನೆಯಲ್ಲಿ ಗುಳಗಳೇ ಕತ್ತಿಗಳಾಗುವ ಕರೆ ಕೇಳಿಬರುತ್ತದೆ. ಕುಲುಮೆ ಎರಡೂ ದಿಕ್ಕಿಗೆ ಉರಿಯಬಲ್ಲದು.

ಈ ವಿಚಾರಕ್ಕೆ ತಳಹದಿ ಫಿಲಿಪ್ಪಿಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿದೆ. ದೇವಸ್ವರೂಪರಾಗಿದ್ದ ಕ್ರಿಸ್ತರು ತಮ್ಮನ್ನು ಬರಿದು ಮಾಡಿಕೊಂಡು ದಾಸನ ರೂಪವನ್ನು ತಾಳಿದರೆಂದು ಪೌಲರು ಬೋಧಿಸುತ್ತಾರೆ. ಧರ್ಮಸಭೆಗೆ ಕೊಡಲ್ಪಟ್ಟ ಅಚ್ಚು ಇದೊಂದೇ. ಅಧಿಕಾರವು ಆ ಬರಿದಾದ ರೂಪದೊಳಗೆ ಹರಿದಾಗ ಸೇವೆಯಾಗುತ್ತದೆ. ಬೇರೆ ಅಚ್ಚಿನಲ್ಲಿ ಎರೆದರೆ, ಕೈಯಲ್ಲಿ ಪೇತ್ರರ ಬೀಗದ ಕೈಗಳೇ ಇದ್ದರೂ, ನೋಡುವವರಿಗೆ ಅದು ಖಡ್ಗದಂತೆಯೇ ಕಾಣುತ್ತದೆ. ಬೊಲೋನ್ಯಾದ ಜನ ಕಂಡದ್ದು ಅದನ್ನೇ. ಅಲ್ಫೊನ್ಸೊ ಆ ಪ್ರತಿಮೆಗೆ ಹೊಸ ಅರ್ಥವನ್ನೇನೂ ಕೊಡಲಿಲ್ಲ. ಅದರಲ್ಲಿ ಮೊದಲೇ ಇದ್ದ ಅರ್ಥವನ್ನು ಬಯಲಿಗೆ ತಂದನು.

ನಮ್ಮ ಧರ್ಮಕೇಂದ್ರಗಳಲ್ಲಿ ಹೊಸ ದೇವಾಲಯವನ್ನೋ ಗೋಪುರವನ್ನೋ ಪ್ರತಿಮೆಯನ್ನೋ ನಿಲ್ಲಿಸಲು ಸಮಿತಿ ಸೇರಿದಾಗ ಎತ್ತರ, ವೆಚ್ಚ ಮತ್ತು ದಾನಿಗಳ ಹೆಸರುಗಳ ಕುರಿತು ದೀರ್ಘ ಚರ್ಚೆ ನಡೆಯುತ್ತದೆ. ಇದು ಯಾರಿಗಾಗಿ, ನೆರೆಹೊರೆಯವರು ಇದನ್ನು ಆಶೀರ್ವಾದವೆಂದು ಓದುವರೋ ಬೆದರಿಕೆಯೆಂದು ಓದುವರೋ ಎಂಬ ಪ್ರಶ್ನೆಯನ್ನೂ ಅದೇ ಮೇಜಿನ ಮೇಲೆ ಇಡುವುದು ಧರ್ಮಗುರುವಿನ ಕರ್ತವ್ಯ. ಗುರುಮಠದ ತರಬೇತಿಗೂ ಈ ಮಾತು ಅನ್ವಯಿಸುತ್ತದೆ. ಅಭ್ಯರ್ಥಿಯ ಪ್ರತಿಭೆ, ವಿದ್ಯೆ, ವಾಕ್ಚಾತುರ್ಯಗಳು ಕುಲುಮೆಯ ಲೋಹದಂತೆ. ಅವು ಹರಿಯುವ ರೂಪವನ್ನು ವರ್ಷಗಳ ಕಾಲ ತಾಳ್ಮೆಯಿಂದ ಸಿದ್ಧಗೊಳಿಸುವುದೇ ಇಲ್ಲಿಯ ಕೆಲಸ. ಗುರುದೀಕ್ಷೆಯ ದಿನ ಹೊಸ ಗುರು ಮೊದಲ ಬಾರಿಗೆ ಕೈಯೆತ್ತಿ ಆಶೀರ್ವದಿಸುವಾಗ, ಆ ಕೈ ಏನು ಹೇಳುತ್ತಿದೆ ಎಂದು ಮುಂದೆ ಮಂಡಿಯೂರಿದವರು ಕೇಳಬೇಕಾಗಿ ಬರಬಾರದು.