'ಹೈಡ್ರೋಫಿಲಿಡೇ, ಸೇಲಂ': ಹಳೆಯ ಚೀಟಿಯೊಂದನ್ನು ಓದುವುದು ಹೇಗೆ?

ಪರದೆ ಕಾಣ್ತಾ ಇದೆ ಅಂದುಕೊಂಡು ಶುರು ಮಾಡ್ತೇನೆ. ನನ್ನ ವಿಷಯ ಎರಡು ಮಿಲಿಮೀಟರ್ ಆಸುಪಾಸಿನ ನೀರುಜೀರುಂಡೆಗಳು. ಪ್ರಶ್ನೆ ಮಾತ್ರ ಇತಿಹಾಸದ್ದು. ಹಳೆಯ ಸಂಗ್ರಹದ ಚೀಟಿಯಲ್ಲಿ 'ಹೈಡ್ರೋಫಿಲಿಡೇ, ಸೇಲಂ' ಎಂದಷ್ಟೇ ಇದ್ದರೆ ಅದನ್ನು ಇಂದು ಹೇಗೆ ಓದಬೇಕು?

ಮೊದಲು ನನ್ನ ತಪ್ಪನ್ನೇ ಹೇಳಿಬಿಡ್ತೇನೆ. ಹೊಗೇನಕಲ್ ಬಳಿ ಕಾವೇರಿ ದಡದ ಒದ್ದೆ ಜಲ್ಲಿ ತೊಳೆದು ಹಿಡಿದ ಹುಳುಗಳನ್ನೆಲ್ಲ ಒಂದೇ ಸೀಸೆಗೆ ಹಾಕಿ, ಒಂದೇ ಕುಟುಂಬದ ಹೆಸರು ಬರೆದಿದ್ದೆ. ಎಲ್ಲಕ್ಕೂ ಉದ್ದನೆಯ ಮೀಸೆ ಇತ್ತಲ್ಲ! ಮೇಷ್ಟ್ರು ಕೇಳಿದ್ದು ಒಂದೇ ಮಾತು: "ಅದು ಮೀಸೆ ಅಂತ ಯಾರು ಹೇಳಿದ್ರು?" ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಬಾಯಿಯ ಪಾಲ್ಪ್. ನಿಜವಾದ ಕುಡಿಮೀಸೆ ಗಿಡ್ಡವಾಗಿ ತಲೆಯ ಕೆಳಗೆ ಮಡಚಿಕೊಂಡಿತ್ತು. ಅದರ ತುದಿಯ ಗದೆಯಲ್ಲಿ ಕೆಲವಕ್ಕೆ ಮೂರು ಖಂಡ, ಕೆಲವಕ್ಕೆ ಐದು. ಮೂರಿದ್ದವು ಹೈಡ್ರೋಫಿಲಿಡೇ, ಐದಿದ್ದವು ಹೈಡ್ರೀನಿಡೇ.

ವಿಜ್ಞಾನವೂ ಇದೇ ದಾರಿಯಲ್ಲಿ ಎಡವುತ್ತ ಬಂದಿದೆ. 1758ರಲ್ಲಿ ಲಿನೇಯಸ್ ದೊಡ್ಡ ಹೈಡ್ರೋಫಿಲಸ್ ಜೀರುಂಡೆಯನ್ನು ಡೈಟಿಸ್ಕಸ್ ಕುಲದಲ್ಲೇ ಇಟ್ಟಿದ್ದ. ಆದರೆ ಡೈಟಿಸ್ಕಸ್ ಬಾಲದ ತುದಿಯಿಂದ ಗಾಳಿ ತುಂಬಿಕೊಳ್ಳುತ್ತದೆ. ಹೈಡ್ರೋಫಿಲಸ್ ತಲೆ ಮೇಲೆತ್ತಿ, ಕುಡಿಮೀಸೆಯಿಂದ ನೀರಿನ ಪೊರೆ ಸೀಳಿ ಗಾಳಿ ಎಳೆದುಕೊಳ್ಳುತ್ತದೆ. ಮೀಸೆ ಉಸಿರಾಟದ ಕೆಲಸಕ್ಕೆ ನಿಂತಾಗ ತಡಕಾಡುವ ಕೆಲಸ ಪಾಲ್ಪಿಗೆ ಬಿತ್ತು. ಈ ಉದ್ದ ಪಾಲ್ಪನ್ನೇ ಹಿಡಿದು ಮುಂದೆ 'ಪಾಲ್ಪಿಕಾರ್ನಿಯಾ' ಎಂಬ ಗುಂಪು ಬಂತು. ಅದರೊಳಗೆ ಎರಡೂ ಕುಟುಂಬಗಳು ಸೇರಿಹೋದವು. 20ನೇ ಶತಮಾನದಲ್ಲೂ ಹೈಡ್ರೀನಾ ಕುಲವನ್ನು ಹೈಡ್ರೋಫಿಲಿಡೇ ಅಡಿಯಲ್ಲಿ ಪಟ್ಟಿ ಮಾಡಿದವರಿದ್ದರು. ಮರಿಹುಳುಗಳ ರಚನೆಯನ್ನೂ ಹೋಲಿಸಿದ ಮೇಲೆ ಹೈಡ್ರೀನಿಡೇ ಸ್ಟ್ಯಾಫಿಲಿನಾಯ್ಡಿಯಾದ ಕಡೆಗೆ ಹೋಯಿತು. ಅಂದರೆ ಉದ್ದ ಪಾಲ್ಪು ನಂಟಿನ ಗುರುತಲ್ಲ, ಒಂದೇ ಬಗೆಯ ಬದುಕಿನ ಗುರುತು.

ಈಗ ಚೀಟಿಯ ಎರಡನೇ ಪದ, 'ಸೇಲಂ'. 1792ರಲ್ಲಿ ಟಿಪ್ಪುವಿನಿಂದ ಕಂಪನಿಯ ಕೈಗೆ ಹೋದ ಬಾರಾಮಹಲ್ ಸೀಮೆ ಮುಂದೆ ಸೇಲಂ ಜಿಲ್ಲೆಯ ಭಾಗವಾಯಿತು. ಧರ್ಮಪುರಿ ಬೇರೆ ಜಿಲ್ಲೆ ಆದದ್ದು 1965ರಲ್ಲಿ, ಅದರಿಂದ ಕೃಷ್ಣಗಿರಿ ಒಡೆದದ್ದು 2004ರಲ್ಲಿ. ಹಾಗಾಗಿ 1965ಕ್ಕಿಂತ ಹಿಂದಿನ 'ಸೇಲಂ' ಅಂದ್ರೆ ಏರ್ಕಾಡಿನ ತಂಪು ತೊರೆಯೂ ಆಗಬಹುದು, ಹೊಗೇನಕಲ್ಲಿನ ಬಂಡೆಯೂ ಆಗಬಹುದು, ಹೊಸೂರಿನ ಕೆರೆಯೂ ಆಗಬಹುದು.

ಇಷ್ಟು ಗಮನಿಸದೆ ಹಳೆಯ ಪಟ್ಟಿಯನ್ನು ಇವತ್ತಿನ ಎಣಿಕೆಯ ಪಕ್ಕ ಇಟ್ಟು 'ಧರ್ಮಪುರಿಯಲ್ಲಿ ಇದು ಹೊಸತಾಗಿ ಬಂತು', 'ಸೇಲಂನಲ್ಲಿ ಅದು ಅಳಿಯಿತು' ಅಂತ ಬರೆದರೆ, ನಾವು ಹೇಳ್ತಿರೋದು ಜೀರುಂಡೆಯ ಕಥೆಯಲ್ಲ, ಹೆಸರುಗಳ ಕಥೆ. ನನ್ನ ವಿನಂತಿ ಇಷ್ಟೇ: ಹಳೆಯ ಚೀಟಿಯನ್ನು ತಿದ್ದಬೇಡಿ, ಕಿತ್ತೆಸೆಯಬೇಡಿ. ಪಕ್ಕದಲ್ಲಿ ಇನ್ನೊಂದು ಚೀಟಿ ಇಡಿ; ಅದರಲ್ಲಿ ಗದೆಯ ಖಂಡಗಳೆಷ್ಟು, ನೋಡಿದ್ದು ಯಾವಾಗ ಎಂದು ಬರೆಯಿರಿ. ನನ್ನ ಸೀಸೆ ಈಗ ಎರಡಾಗಿದೆ. ಮೊದಲಿನ ತಪ್ಪು ಚೀಟಿಯೂ ಅದರೊಳಗೇ ಇದೆ.