ಜಯ ಸಂವತ್ಸರದ ಹೊಸ ನಕ್ಷತ್ರ

ಕ್ರಿ.ಶ. 1054ರ ಜುಲೈ 4ರಂದು ಚೀನಾದ ಸಾಂಗ್ ಅರಸರ ಜ್ಯೋತಿಷಿಗಳು ವೃಷಭ ರಾಶಿಯಲ್ಲಿ ಹಿಂದೆ ಕಾಣದಿದ್ದ ನಕ್ಷತ್ರವೊಂದನ್ನು ಕಂಡು ಬರೆದಿಟ್ಟರು. ಅದು 23 ದಿನ ಹಗಲಲ್ಲೂ, 1056ರ ಏಪ್ರಿಲ್‌ವರೆಗೆ ರಾತ್ರಿಯಲ್ಲೂ ಕಾಣುತ್ತಿತ್ತು. ನಮ್ಮ ಲೆಕ್ಕಕ್ಕೆ ಅದು ಶಕವರ್ಷ 976, ಜಯ ಸಂವತ್ಸರ. ಕಲ್ಯಾಣದಲ್ಲಿ ಚಾಲುಕ್ಯ ಅರಸ ಒಂದನೆಯ ಸೋಮೇಶ್ವರ ಆಳುತ್ತಿದ್ದ. ಮಡಕಶಿರಾ ಸೀಮೆ ಸೇರಿದ್ದ ನೊಳಂಬವಾಡಿ ಚಾಲುಕ್ಯರ ಅಧೀನದಲ್ಲಿತ್ತು. ಆ ಸೀಮೆಯ ಹೇಮಾವತಿ, ಅಂದರೆ ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಕನ್ನಡ ಶಾಸನಗಳಿಗೆ ಹೆಸರಾದ ಊರು. ಆದರೂ ಈ ನಕ್ಷತ್ರದ ಬಗ್ಗೆ ವಿದ್ವಾಂಸರು ಒಪ್ಪಿದ ಉಲ್ಲೇಖ ಕನ್ನಡ ಶಾಸನಗಳಲ್ಲಿಲ್ಲ. ಅಷ್ಟಕ್ಕೇ ನಮ್ಮವರು ತಲೆಯೆತ್ತಿ ನೋಡಲೇ ಇಲ್ಲ ಎಂದುಬಿಡುವುದು ಆತುರದ ಮಾತು. ಶಾಸನ ಯಾವ ಕೆಲಸಕ್ಕಾಗಿ ಹುಟ್ಟಿದ ಬರಹ ಎಂಬುದನ್ನು ಮೊದಲು ಕೇಳಬೇಕು.

ಮೋಡ ಕವಿದಿರಬಹುದು ಎಂಬ ಸಮಾಧಾನ ನಿಲ್ಲುವುದಿಲ್ಲ. ಮಡಕಶಿರಾ, ಅದರಾಚೆಯ ರಾಯದುರ್ಗ ಎರಡೂ ಮಳೆನೆರಳಿನ ನಾಡು. ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಎರಡು ವರ್ಷಕ್ಕೆ ಹತ್ತಿರ ಬೆಳಗಿದ ನಕ್ಷತ್ರವನ್ನು ಮೋಡ ಎಷ್ಟು ದಿನ ಮರೆಮಾಡೀತು? ಗ್ರಹಣಗಳನ್ನೆಲ್ಲ ಕೊರೆಸಿದವರು ಇದನ್ನೇಕೆ ಬಿಟ್ಟರು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದುದು. ಆದರೆ ದಾನಶಾಸನವೊಂದರ ಕಟ್ಟನ್ನು ನೋಡಿ: ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ, ಸಂಕ್ರಾಂತಿಯೋ ಗ್ರಹಣವೋ, ಆಮೇಲೆ ಕಾಲು ತೊಳೆದು ಧಾರೆಯೆರೆದು ಕೊಟ್ಟ ಭೂಮಿಯ ಎಲ್ಲೆ. ಗ್ರಹಣ ಅಲ್ಲಿಗೆ ಬಂದದ್ದು ಪಂಚಾಂಗದಿಂದ. ಆ ಹೊತ್ತಿನ ದಾನಕ್ಕೆ ಪುಣ್ಯ ಹೆಚ್ಚೆಂದು ಶಾಸ್ತ್ರ ಹೇಳಿದ್ದರಿಂದ. ಹೇಳದೆ ಬಂದ ನಕ್ಷತ್ರಕ್ಕೆ ಪಂಚಾಂಗದಲ್ಲಿ ಮನೆಯಿಲ್ಲ, ದಾನದಲ್ಲಿ ಫಲವಿಲ್ಲ. ಚೀನಾದಲ್ಲಾದರೋ ಆಕಾಶದ ಉತ್ಪಾತಗಳನ್ನು ಅರಸನಿಗೆ ವರದಿ ಮಾಡಲೆಂದೇ ಸಂಬಳದ ಅಧಿಕಾರಿಗಳಿದ್ದರು. ನೋಟದಲ್ಲಿ ಅಲ್ಲ, ಕಡತದಲ್ಲಿ ವ್ಯತ್ಯಾಸ.

ಅಂದು ಹೊಸದೆಂದು ಕಂಡದ್ದು ನಕ್ಷತ್ರದ ಹುಟ್ಟಲ್ಲ, ಸಾವು. ಸೂರ್ಯನ ಆಯಸ್ಸು ಸುಮಾರು ಸಾವಿರ ಕೋಟಿ ವರ್ಷವಾದರೆ, ಅವನ ಎಂಟು ಪಟ್ಟಿಗೂ ಮೀರಿದ ದ್ರವ್ಯರಾಶಿಯ ನಕ್ಷತ್ರಗಳು ಕೆಲವೇ ಕೋಟಿ ವರ್ಷಗಳಲ್ಲಿ ಇಂಧನ ಮುಗಿಸುತ್ತವೆ; ಒಡಲು ಕುಸಿದು, ಹೊರಪದರಗಳು ಸಿಡಿಯುತ್ತವೆ. 1054ರಲ್ಲಿ ಕಂಡ ಸಿಡಿತದ ಅವಶೇಷವೇ ಸುಮಾರು 6,500 ಜ್ಯೋತಿರ್ವರ್ಷ ದೂರದ ಏಡಿ ನೀಹಾರಿಕೆ. ಅದರ ನಡುವೆ ಸೆಕೆಂಡಿಗೆ 30 ಸಲ ಸುತ್ತುವ ನ್ಯೂಟ್ರಾನ್ ನಕ್ಷತ್ರವನ್ನು 1968ರಲ್ಲಿ ಗುರುತಿಸಲಾಯಿತು. ಮಡಕಶಿರಾಕ್ಕೆ ದೂರವಲ್ಲದ ಗೌರಿಬಿದನೂರಿನ ರೇಡಿಯೋ ದೂರದರ್ಶಕಗಳಿಗೆ ಈ ನೀಹಾರಿಕೆ ಪರಿಚಿತ: ಜೂನ್‌ನಲ್ಲಿ ಸೂರ್ಯ ಅದರ ಹತ್ತಿರ ಹಾದುಹೋಗುವಾಗ, ಅದರ ಅಲೆಗಳಿಂದ ಸೂರ್ಯನ ಹೊರವಲಯವನ್ನು ಅಳೆಯುತ್ತಾರೆ. ಇಂಥ ಸಾವುಗಳ ಗುರುತು ನಮ್ಮ ನೆಲದಲ್ಲೂ ಇದೆ: ರಾಯದುರ್ಗದ ಬಳಿ ಓಬುಳಾಪುರದ ಅದಿರನ್ನು ತೆಗೆದುಕೊಳ್ಳಿ. ಅದು ಕಬ್ಬಿಣ, ಆಮ್ಲಜನಕ ಕೂಡಿದ ಕಲ್ಲು. ಆ ಆಮ್ಲಜನಕದ ಬಹುಪಾಲು, ಕಬ್ಬಿಣದ ಒಂದು ಪಾಲು ಸೂರ್ಯನಿಗಿಂತ ಮೊದಲೇ ಸತ್ತ ಇಂಥ ಭಾರೀ ನಕ್ಷತ್ರಗಳ ಕೊಡುಗೆ. ಹೆಂಜೇರಿನ ಕಲ್ಲುಕುಟಿಗನ ಉಳಿಯ ಕಬ್ಬಿಣಕ್ಕೂ ಇದೇ ಮಾತು ಸಲ್ಲುತ್ತದೆ.

ಶಾಸನಗಳ ಮೌನಕ್ಕೆ ಕಾರಣ ಸಿಕ್ಕಿತೆಂದ ಮಾತ್ರಕ್ಕೆ ನೊಳಂಬವಾಡಿಯ ಜನ ನಕ್ಷತ್ರವನ್ನು ಕಂಡೇ ಕಂಡರು ಎಂದು ಸಾಧಿಸಿದಂತಾಗಲಿಲ್ಲ. ಸಾಧಿಸಬಹುದಾದದ್ದು ಇಷ್ಟು: ಭೂಮಿಯ ಹಕ್ಕುಪತ್ರದಿಂದ ಆಕಾಶದ ದಿನಚರಿಯನ್ನು ಕೇಳಬಾರದು. ದಾಖಲೆಯ ಮೌನಕ್ಕೆ ಸಾಕ್ಷಿಯ ಬೆಲೆ ಬರುವುದು, ಅದು ಹೇಳಲೇಬೇಕಾಗಿದ್ದ ವಿಷಯದಲ್ಲಿ ಮಾತ್ರ.