ನೂರಿಪ್ಪತ್ತು ಹಾಳೆಯ ಜಾಡು

ವಕೀಲರು ಸೇರಿದಲ್ಲಿ ಒಂದು ಕಥೆ ಓಡಾಡುತ್ತದೆ. ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ವಕೀಲ ಬೇಡದ್ದನ್ನೆಲ್ಲ ತುಂಬಿ ಉದ್ದುದ್ದ ಬರೆದು ಕೋರ್ಟಿಗೆ ಕೊಟ್ಟನಂತೆ. ಸಿಟ್ಟಿಗೆದ್ದ ನ್ಯಾಯಾಧೀಶರು ಆ ಕಟ್ಟಿಗೇ ತೂತು ಕೊರೆಸಿ, ಅವನ ತಲೆ ತೂರಿಸಿ, ಮೆರವಣಿಗೆ ಮಾಡಿಸಿದರಂತೆ. ಕೇಳಿದವರು ನಗುತ್ತಾರೆ. ನನಗೆ ಒಂದು ಅನುಮಾನ ಉಳಿದುಬಿಟ್ಟಿತು: ಉದ್ದ ಬರೆದರೆ ಲಾಭ ಯಾರಿಗೆ?

ಮೊಕದ್ದಮೆಯ ಹೆಸರು ಸುಲಭವಾಗಿ ಸಿಗುತ್ತದೆ: ಮೈಲ್ವರ್ಡ್ ವಿರುದ್ಧ ವೆಲ್ಡನ್, ಲಂಡನ್ನಿನ ಚಾನ್ಸರಿ ನ್ಯಾಯಾಲಯ. ತಕರಾರಿರುವುದು ಇಸವಿಯಲ್ಲಿ. ಅಮೆರಿಕದ ಉಲ್ಲೇಖಗಳಲ್ಲಿ 1566 ಎಂದಿದೆ, ಬೇರೆಡೆ 1595, ಇನ್ನೊಂದೆಡೆ 1596. ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದುಕೊಂಡರೆ ಹೀಗೇ ಆಗುವುದು. ಹಾಗಾಗಿ ಆದೇಶದ ಪಾಠಕ್ಕೇ ಹೋದೆ. ಸೆಸಿಲ್ ಮನ್ರೋ ಚಾನ್ಸರಿಯ ಹಳೆಯ ದಫ್ತರಗಳಿಂದ ಆಯ್ದು 1847ರಲ್ಲಿ ಅಚ್ಚು ಹಾಕಿಸಿದ 'ಆಕ್ಟಾ ಕ್ಯಾನ್ಸೆಲೇರಿಯೆ'ಯಲ್ಲಿ ಅದು ಪೂರ್ತಿ ಇದೆ.

ಮೊದಲ ವಾಕ್ಯದಲ್ಲೇ ಗಂಟು ಬಿಚ್ಚಿಕೊಂಡಿತು. ಹಿಂದೆ ಚಾನ್ಸರಿಯ ಎರಡನೇ ಹುದ್ದೆಯಾದ ಮಾಸ್ಟರ್ ಆಫ್ ದಿ ರೋಲ್ಸ್ ಆಗಿದ್ದು ಈಗ ಅದರ ಮುಖ್ಯಸ್ಥ, ಅಂದರೆ ಲಾರ್ಡ್ ಕೀಪರ್, ಆಗಿರುವವರ ವರದಿಯನ್ನು ಆದೇಶ ಉಲ್ಲೇಖಿಸುತ್ತದೆ. ಅವರು ಥಾಮಸ್ ಎಗರ್ಟನ್. ಮೊದಲ ಹುದ್ದೆಗೆ ಬಂದದ್ದು 1594ರಲ್ಲಿ, ಲಾರ್ಡ್ ಕೀಪರ್ ಆದದ್ದು 1596ರ ಮೇ ತಿಂಗಳಲ್ಲಿ. ವರದಿ ಕೇಳಿದ ಆದೇಶಕ್ಕೆ ರಾಣಿಯ ಆಳ್ವಿಕೆಯ 37ನೇ ವರ್ಷದ ಮೇ 7 ಎಂಬ ತಾರೀಕಿದೆ. ಒಂದನೇ ಎಲಿಜಬೆತ್ ಪಟ್ಟಕ್ಕೆ ಬಂದ 1558ರ ನವೆಂಬರಿನಿಂದ ಎಣಿಸಿದರೆ ಅದು 1595. ಅಲ್ಲಿಗೆ 1566 ಬಿದ್ದುಹೋಯಿತು. ಶಿಕ್ಷೆಯ ಆದೇಶ 1595ರದ್ದೂ ಆಗಲಾರದು.

ಬಿದ್ದದ್ದು ಇಸವಿಯೊಂದೇ ಅಲ್ಲ, ಕಥೆಯ ವಕೀಲನೂ ಬಿದ್ದ. ಕೋರ್ಟಿಗೆ ಕೊಟ್ಟ ಆ ಉದ್ದದ ಪ್ರತ್ಯುತ್ತರ ಪತ್ರವನ್ನು ರಚಿಸಿ, ತಾನೇ ಶುದ್ಧಪ್ರತಿ ಮಾಡಿದವನು ವಾದಿಯ ಮಗ ರಿಚರ್ಡ್ ಮೈಲ್ವರ್ಡ್. ಹಾಗೆಂದು ಅವನೇ ಒಪ್ಪಿಕೊಂಡಿದ್ದಾನೆ. ಹದಿನಾರು ಹಾಳೆಯಲ್ಲಿ ಮುಗಿಯಬಹುದಾಗಿದ್ದ ವಿಷಯಕ್ಕೆ ನೂರಿಪ್ಪತ್ತು ಹಾಳೆ ಬಳಸಿದ್ದ. ಫ್ಲೀಟ್ ಸೆರೆಮನೆಯ ಅಧಿಕಾರಿ ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅವನನ್ನು ವೆಸ್ಟ್‌ಮಿನ್‌ಸ್ಟರ್ ಹಾಲಿಗೆ ತಂದು, ಹಾಳೆಗಳ ನಡುವೆ ತೂತು ಕೊರೆದು ತಲೆ ತೂರಿಸಿ, ಬರಹದ ಮಗ್ಗುಲು ಹೊರಗೆ ಕಾಣುವಂತೆ ಹೆಗಲ ಮೇಲೆ ಇಳಿಬಿಟ್ಟು, ಬರಿತಲೆಯಲ್ಲಿ ಅಲ್ಲಿನ ಮೂರು ಕೋರ್ಟುಗಳ ಮುಂದೆಯೂ ನಿಲ್ಲಿಸಬೇಕು. ರಾಣಿಗೆ 10 ಪೌಂಡ್ ದಂಡ, ಪ್ರತಿವಾದಿಗೆ 20 ನೋಬಲ್ ಖರ್ಚು ತೆರುವವರೆಗೆ ಸೆರೆ. ನೋಬಲ್ ಎಂದರೆ ಪೌಂಡಿನ ಮೂರನೇ ಒಂದು ಭಾಗ.

ನನ್ನ ಅನುಮಾನಕ್ಕೆ ಉತ್ತರವೂ ಅಲ್ಲಿಯೇ ಇತ್ತು. ಅಪ್ರಸ್ತುತ ಬರಹ ಈ ನ್ಯಾಯಾಲಯಕ್ಕೆ ತಕ್ಕುದಲ್ಲ ಎನ್ನುವ ಆದೇಶ, ಪ್ರತಿವಾದಿಯ ಖರ್ಚು ಏರಿಸುವ ದುರುದ್ದೇಶವನ್ನೂ ಹೆಸರಿಸುತ್ತದೆ. ಒಬ್ಬ ಬರೆದರೆ ಇನ್ನೊಬ್ಬನ ಖರ್ಚು ಏರುವುದು ಹೇಗೆ? ಎದುರಾಳಿಯ ಪತ್ರದ ನಕಲನ್ನು 'ಆರು ಗುಮಾಸ್ತರ' ಕಚೇರಿಯಿಂದಲೇ ದುಡ್ಡು ಕೊಟ್ಟು ಪಡೆಯಬೇಕಿತ್ತು, ಅದೂ ಹಾಳೆಯ ಲೆಕ್ಕದಲ್ಲಿ. ಗುಮಾಸ್ತರ ಗಳಿಕೆ ನಿಂತಿದ್ದದ್ದು ಆ ಶುಲ್ಕದ ಮೇಲೆ. ಕಡತ ಊದಿದಷ್ಟೂ ಅವರಿಗೆ ಸುಗ್ಗಿ.

ಇದನ್ನು ಬಲ್ಲವರು ಅಧಿಕಾರದಲ್ಲೇ ಇದ್ದರು. 1619ರ ಜನವರಿಯಲ್ಲಿ ಲಾರ್ಡ್ ಚಾನ್ಸಲರ್ ಫ್ರಾನ್ಸಿಸ್ ಬೇಕನ್ ಹೊರಡಿಸಿದ ಚಾನ್ಸರಿ ನಿಯಮಗಳಲ್ಲಿ, ನಕಲಿನ ಪ್ರತಿ ಹಾಳೆಯಲ್ಲೂ ಹದಿನೈದು ಸಾಲಿರಬೇಕು, ಜಾಗ ಪೋಲಾಗಬಾರದು, ಗುಮಾಸ್ತನ ಸಹಿಗೆಂದು ಬೇರೆ ಹಣ ಕೇಳಬಾರದು ಎಂದಿದೆ. ಇಂಥ ನಿಯಮ ಯಾರೂ ಸುಮ್ಮನೆ ಬರೆಯುವುದಿಲ್ಲ. ಅದೇ ನಿಯಮಗಳ ಪ್ರಕಾರ ಅತಿ ಉದ್ದದ ಪತ್ರಕ್ಕೆ ಕಕ್ಷಿದಾರನಿಗೂ ವಕೀಲನಿಗೂ ದಂಡ. ಮೊಕದ್ದಮೆಗೆ ಸೇರದವರ ಮೇಲೆ ಕೆಸರೆರಚಿದ ಪತ್ರ ಕಡತದಿಂದಲೇ ಹೊರಗೆ. ಅನಗತ್ಯವಾದದ್ದನ್ನೂ ಮಾನಹಾನಿಯ ಮಾತನ್ನೂ ಹೊಡೆದುಹಾಕಲು ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 6ನೇ ಆದೇಶದ 16ನೇ ನಿಯಮವೂ ಅವಕಾಶ ಕೊಡುತ್ತದೆ.

ರಿಚರ್ಡ್ ತಪ್ಪಿತಸ್ಥನೇ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅವನ ದುರುದ್ದೇಶಕ್ಕೆ ದಾರಿ ಮಾಡಿಕೊಟ್ಟದ್ದು ಹಾಳೆಗಿಷ್ಟು ಎಂಬ ಶುಲ್ಕ. ಆದೇಶ ಅದರ ತಂಟೆಗೇ ಹೋಗಿಲ್ಲ. ಆರು ಗುಮಾಸ್ತರ ಕಚೇರಿ ರದ್ದಾದದ್ದು 1842ರಲ್ಲಿ. ಹುದ್ದೆ ಕಳೆದುಕೊಂಡವರಿಗೆ ಪರಿಹಾರವನ್ನೂ ಕೊಡಲಾಯಿತು.